ಐಚ್ಛಿಕ: ಯಾರ ಇಚ್ಛೆ?

ಕಾಲೇಜಿನ ಅರ್ಜಿಯಲ್ಲಿ ಒಂದು ಗೆರೆ ಇರುತ್ತದೆ. ಐಚ್ಛಿಕ ವಿಷಯಗಳು ಯಾವುವು ಎಂದು ಅದು ಕೇಳುತ್ತದೆ. ಐಚ್ಛಿಕ ಎಂದರೆ ಇಚ್ಛೆಪಟ್ಟು ಆರಿಸಿಕೊಂಡದ್ದು. ಈ ನಾಡಿನಲ್ಲಿ ನಮ್ಮ ಜನರ ಇಚ್ಛೆ ಏನೆಂದು ಕೇಳಿದ ಕಾಗದಗಳು ಬಹಳ ಕಡಿಮೆ. ನಮ್ಮನ್ನು ಕೇಳಿ ಯಾರೂ ಕೇರಿಯನ್ನು ಊರಾಚೆ ಇಡಲಿಲ್ಲ. ಸತ್ತ ದನ ಹೊರುವುದು, ತಮಟೆ ಬಡಿಯುವುದು, ಗುಂಡಿಗಿಳಿದು ಮಲ ಬಾಚುವುದು, ಇವುಗಳಲ್ಲಿ ನಿಮಗೆ ಯಾವುದು ಇಷ್ಟ ಎಂದು ನಮ್ಮ ಅಪ್ಪಂದಿರ ಮುಂದೆ ಯಾರೂ ಅರ್ಜಿ ಹಿಡಿದು ನಿಲ್ಲಲಿಲ್ಲ. ಆದ್ದರಿಂದ ಈ ಒಂದು ಗೆರೆಯ ಬಗ್ಗೆ ನಾವು ಮಾತಾಡಲೇಬೇಕು. ಅದರ ಮೇಲೆ ಬರೆಯುವ ಕೈ ನಮ್ಮ ಹುಡುಗರದು. ಬರೆಸುತ್ತಿರುವವರು ಯಾರು?

ಕಾಲೇಜೆಂಬುದೂ ಒಂದು ಊರು ಕಣ್ರಪ್ಪ. ವಿಜ್ಞಾನ ಅಲ್ಲಿಯ ಅಗ್ರಹಾರ. ವಾಣಿಜ್ಯ ಅಂಗಡಿ ಬೀದಿ. ಕಲಾ ವಿಭಾಗ ಕೇರಿ. ಐ.ಟಿ.ಐ. ಅನ್ನೋದು ಕೇರಿಗಿಂತಲೂ ಆಚೆ. ಪಿ.ಸಿ.ಎಂ.ಬಿ. ಹುಡುಗನನ್ನು ಹೆಸರು ಹಿಡಿದು ಕರೆಯುವ ಉಪನ್ಯಾಸಕರು ಹೆಚ್.ಇ.ಪಿ. ಹುಡುಗರನ್ನು "ಏ ಆರ್ಟ್ಸ್‌ನೋರೇ" ಎಂದು ಒಟ್ಟಿಗೆ ಕೂಗುತ್ತಾರೆ, ಊರಿನಲ್ಲಿ "ಏ ಕೇರಿಯೋರೇ" ಎಂದು ಕೂಗುವ ಹಾಗೆ. ಈ ಊರಿನ ಕಟ್ಟಳೆಯೂ ಹಳೆಯ ಊರಿನದೇ. ಬೀಳುವುದಕ್ಕೆ ಅಡ್ಡಿಯಿಲ್ಲ, ಏರುವುದಕ್ಕೆ ದಾರಿಯಿಲ್ಲ. ಪಿ.ಯು.ನಲ್ಲಿ ವಿಜ್ಞಾನ ಓದಿದವನು ನಾಳೆ ಬಿ.ಎ. ಸೇರಬಹುದು, ಬಿ.ಕಾಂ. ಸೇರಬಹುದು, ಕಾನೂನು ಓದಬಹುದು. ಕಲೆ ಓದಿದವನು ಭೌತಶಾಸ್ತ್ರಕ್ಕೆ, ಎಂಜಿನಿಯರಿಂಗಿಗೆ, ಡಾಕ್ಟರಿಕೆಗೆ ಹೋಗಲಾರ. ಹದಿನಾರರ ವಯಸ್ಸಿಗೆ, ಮೀಸೆ ಮೂಡುವ ಮೊದಲೇ, ಬೆನ್ನ ಹಿಂದೆ ಒಂದು ಬಾಗಿಲು ಅಗುಳಿ ಹಾಕಿಕೊಳ್ಳುತ್ತದೆ. ಹಾಕಿಕೊಂಡಿತೆಂಬುದು ಕೂಡ ನಮ್ಮ ಮನೆಗಳಲ್ಲಿ ಗೊತ್ತಾಗುವುದು ಐದಾರು ವರ್ಷ ಕಳೆದ ಮೇಲೆ. ಮೊದಲೇ ಹೇಳಬಲ್ಲವರು ಮನೆಯಲ್ಲಿ ಯಾರೂ ಇರುವುದಿಲ್ಲ. ಅವ್ವನಿಗೆ ಗೊತ್ತಿರುವುದು ಒಂದೇ: "ಯಾವ್ದಾದ್ರೂ ಓದ್ಕೊ ಕನ್ಲಾ ಮಗ, ನಮ್ಮಂಗೆ ಬಿಸ್ಲಲ್ಲಿ ಬೇಯ್ಬ್ಯಾಡ."

ಆ ಮಾತಿನಲ್ಲಿ ಎಷ್ಟು ಆಸೆಯಿದೆಯೋ ಅಷ್ಟೇ ಕತ್ತಲೆಯೂ ಇದೆ. ಯಾವುದಾದರೂ ಎಂಬ ಆ ಕತ್ತಲೆಯಲ್ಲಿ ಬೇರೆಯವರು ಬಂದು ನಮ್ಮ ಹುಡುಗರ ವಿಷಯ ಆರಿಸಿಬಿಡುತ್ತಾರೆ. ಯಾರು ಯಾರು ಎಂದು ಹೆಸರು ಹಿಡಿದು ಹೇಳೋಣ.

ಮೊದಲನೆಯದು ಬಸ್ಸು. ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಇರುವುದು ಕಲೆ, ವಾಣಿಜ್ಯ. ವಿಜ್ಞಾನ ಬೇಕೆಂದರೆ ದೂರದ ಪಟ್ಟಣ. ಪ್ರಾಕ್ಟಿಕಲ್ ಕ್ಲಾಸು ಮುಗಿಯುವುದು ಸಂಜೆಗೆ. ಕಡೇ ಬಸ್ಸು ಹೋದರೆ ಹೆಣ್ಣು ಮಗಳು ಎಲ್ಲಿ ನಿಲ್ಲಬೇಕು? 2023ರ ಜೂನ್‌ನಿಂದ ಹೆಣ್ಣು ಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲವೆಂದಾಯಿತು. ಒಳ್ಳೆಯದೇ, ಅವ್ವಂದಿರ ಸೆರಗಿನ ಗಂಟಿನಲ್ಲಿ ನಾಲ್ಕು ಕಾಸು ಉಳಿಯಿತು. ಆದರೆ ಬಾರದ ಬಸ್ಸಿಗೆ ಟಿಕೆಟ್ ಇದ್ದರೇನು, ಇಲ್ಲದಿದ್ದರೇನು? ರಸಾಯನಶಾಸ್ತ್ರ ಓದಬೇಕಿದ್ದ ನಮ್ಮ ತಂಗಿಯರು ಬಸ್ಸಿನ ವೇಳಾಪಟ್ಟಿ ನೋಡಿ ಇತಿಹಾಸ ಆರಿಸಿಕೊಂಡಿದ್ದಾರೆ. ಇದು ಇತಿಹಾಸಕ್ಕೂ ಅವಮಾನ, ರಸಾಯನಶಾಸ್ತ್ರಕ್ಕೂ ನಷ್ಟ.

ಎರಡನೆಯದು ಭಾಷೆ. ಹತ್ತನೇ ಕ್ಲಾಸಿನ ತನಕ ನಮ್ಮ ಮಕ್ಕಳು ದ್ಯುತಿಸಂಶ್ಲೇಷಣೆ ಎಂದು ಓದಿ, ಚಿತ್ರ ಬರೆದು, ಅಂಕ ತೆಗೆದಿರುತ್ತಾರೆ. ವೇಗೋತ್ಕರ್ಷದ ಲೆಕ್ಕ ಮಾಡಿರುತ್ತಾರೆ. ಜೂನ್ ತಿಂಗಳಲ್ಲಿ ಅದೇ ಹಸಿರೆಲೆ ಫೋಟೋಸಿಂಥೆಸಿಸ್ ಆಗುತ್ತದೆ, ಅದೇ ಓಡುವ ಗಾಡಿ ಆಕ್ಸಿಲರೇಶನ್ ಆಗುತ್ತದೆ. ಎಲೆ ಬದಲಾಗಿಲ್ಲ, ಗಾಡಿ ಬದಲಾಗಿಲ್ಲ, ಹುಡುಗನ ತಲೆಯೂ ಬದಲಾಗಿಲ್ಲ. ಆದರೂ ಮೇ ತಿಂಗಳಲ್ಲಿ ಜಾಣನಾಗಿದ್ದವನು ಜುಲೈಗೆ ದಡ್ಡನಾಗುತ್ತಾನೆ. ಮೊದಲ ಟೆಸ್ಟಿನಲ್ಲಿ ಸೊನ್ನೆ ಬಂದಾಗ "ನಮ್ಗೆಲ್ಲಾ ಇದು ಹತ್ತಲ್ಲ" ಎಂದು ಅವನೇ ತನ್ನ ಮೇಲೆ ತೀರ್ಪು ಬರೆದುಕೊಳ್ಳುತ್ತಾನೆ. ಕನ್ನಡ ಉಳಿಸಿ ಎಂದು ವೇದಿಕೆಯ ಮೇಲೆ ಕೂಗುವ ಮಹನೀಯರ ಮಕ್ಕಳು ಎಲ್.ಕೆ.ಜಿ.ಯಿಂದಲೇ ಇಂಗ್ಲಿಷಿನಲ್ಲಿ ಓದಿರುತ್ತಾರೆ. ಕನ್ನಡವನ್ನು ಉಳಿಸುವ ಕೂಲಿಗೆ ನಮ್ಮ ಮಕ್ಕಳು, ಇಂಗ್ಲಿಷಿನ ಫಲಕ್ಕೆ ಅವರ ಮಕ್ಕಳು. ಈ ಗುತ್ತಿಗೆಗೆ ನಾವು ಯಾವತ್ತೂ ಹೆಬ್ಬೆಟ್ಟು ಒತ್ತಿಲ್ಲ.

ಮೂರನೆಯದು ಕೂಲಿ. ಕಲಾ ವಿಭಾಗವನ್ನು ನಮ್ಮ ಎಷ್ಟೋ ಹುಡುಗರು ಸೇರುವುದು ವಾರಕ್ಕೆ ಎರಡು ದಿನ ಗಾರೆ ಕೆಲಸಕ್ಕೋ ಕಬ್ಬು ಕಡಿಯುವುದಕ್ಕೋ ಹೋಗಿ ಬರಬಹುದು ಎಂಬ ಕಾರಣಕ್ಕೆ. ಲ್ಯಾಬಿನ ಕ್ಲಾಸು ತಪ್ಪಿಸಿದರೆ ದಾಟುವಂತಿಲ್ಲ. ಚರಿತ್ರೆಯ ನೋಟ್ಸನ್ನು ಗೆಳೆಯನಿಂದ ಬರೆದುಕೊಳ್ಳಬಹುದು. ಅಂದರೆ ಅವನು ಆರಿಸಿಕೊಂಡಿದ್ದು ಚರಿತ್ರೆಯನ್ನಲ್ಲ, ದಿನಗೂಲಿಯನ್ನು. ಅತ್ತ ವಿಜ್ಞಾನಕ್ಕೆ ಹೋದವನಿಗೆ ಕಾಲೇಜಿನ ಪಾಠ ಸಾಲದು, ಟ್ಯೂಷನ್ ಬೇಕು, ನೀಟ್ ಕೋಚಿಂಗ್ ಬೇಕು. ತಮಿಳುನಾಡಿನ ಅರಿಯಲೂರು ಜಿಲ್ಲೆಯ ಕೂಲಿಕಾರನ ಮಗಳು ಅನಿತಾ ಹನ್ನೆರಡನೇ ಕ್ಲಾಸಿನಲ್ಲಿ 1200ಕ್ಕೆ 1176 ಅಂಕ ತೆಗೆದಳು. ನೀಟ್ ಎಂಬ ಇನ್ನೊಂದು ಗೋಡೆಯ ಮುಂದೆ ಆ ಅಂಕಗಳಿಗೆ ಬೆಲೆಯಿಲ್ಲವೆಂದಾಯಿತು. ಸುಪ್ರೀಂ ಕೋರ್ಟಿನ ತನಕ ಹೋದಳು. 2017ರ ಸೆಪ್ಟೆಂಬರ್ 1ರಂದು ಆ ದಲಿತ ಹುಡುಗಿಯನ್ನು ನಾವು ಕಳೆದುಕೊಂಡೆವು. ಅವಳ ಐಚ್ಛಿಕ ವಿಷಯ ಯಾವುದೆಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಇಚ್ಛೆ ಇದ್ದರೆ ಸಾಕು, ದಾರಿ ತಾನಾಗಿ ತೆರೆಯುತ್ತೆ ಅನ್ನೋ ಉಪದೇಶಕರು ಅವಳ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಿ ಆಮೇಲೆ ಭಾಷಣ ಮುಂದುವರಿಸಲಿ.

ನಾಲ್ಕನೆಯದು ಮೇಷ್ಟ್ರ ಬಾಯಿ. "ನಿಂಗ್ಯಾಕಯ್ಯಾ ಸೈನ್ಸು? ಆರ್ಟ್ಸ್ ತಗೊ, ಸ್ಕಾಲರ್‌ಶಿಪ್ ಬರುತ್ತೆ, ಎಂಗೋ ಪಾಸಾಗ್ತೀಯ." ಇದನ್ನು ಹೇಳುವವರೆಲ್ಲ ಕೆಟ್ಟವರೇನಲ್ಲ. ಎಷ್ಟೋ ಮಂದಿ ಕನಿಕರದಿಂದಲೇ ಹೇಳುತ್ತಾರೆ. ಆದರೆ ಕನಿಕರ ಕೂಡ ಮಡಿಯ ಒಂದು ಬಗೆ. ಮೇಲಿನಿಂದ ನೀರು ಹೊಯ್ಯುವ ಕೈಗೂ ಇದಕ್ಕೂ ದೊಡ್ಡ ಅಂತರವಿಲ್ಲ.

ವಿಷಯದ ಬಾಗಿಲನ್ನು ಜಾತಿ ಕಾಯುವುದು ಇವತ್ತಿನ ಮಾತಲ್ಲ. ಬಾಬಾಸಾಹೇಬರು ಹೈಸ್ಕೂಲಿನಲ್ಲಿ ಸಂಸ್ಕೃತ ಓದಬೇಕೆಂದರು. ಅಸ್ಪೃಶ್ಯನಿಗೆ ಸಂಸ್ಕೃತ ಕಲಿಸೆವು ಎಂದರು. ಅವರು ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ಆಗ ಅವರ ಅರ್ಜಿಯ ಗೆರೆಯಲ್ಲಿ ಪರ್ಷಿಯನ್ ಎಂದೇ ಇದ್ದಿರಬೇಕು. ನೋಡಿದವರು ಹುಡುಗನಿಗೆ ಪರ್ಷಿಯನ್ ಇಷ್ಟ ಎಂದುಕೊಳ್ಳುತ್ತಿದ್ದರು! ಆದರೆ ಆ ಹುಡುಗ ಬಾಗಿಲು ಮುಚ್ಚಿದ ಮನೆಯನ್ನು ಮರೆಯಲಿಲ್ಲ. ಅದೇ ಗ್ರಂಥಗಳನ್ನು ಎದುರಿಗಿಟ್ಟುಕೊಂಡು 1946ರಲ್ಲಿ 'ಶೂದ್ರರು ಯಾರು?' ಎಂದು ಬರೆದರು. ಹೊರಗೆ ನಿಲ್ಲಿಸಿದವರಿಂದಲೇ ಲೆಕ್ಕ ಕೇಳಿದರು.

1913ರಲ್ಲಿ ಬರೋಡಾದ ವಿದ್ಯಾರ್ಥಿವೇತನದ ಮೇಲೆ ಕೊಲಂಬಿಯಾಕ್ಕೆ ಹೋದಾಗ ಅವರು ಒಂದು ವಿಷಯಕ್ಕೆ ಅಂಟಿಕೊಂಡು ಕೂರಲಿಲ್ಲ. ಅರ್ಥಶಾಸ್ತ್ರದ ಜೊತೆಗೆ ಸಮಾಜಶಾಸ್ತ್ರ, ಚರಿತ್ರೆ, ತತ್ವಶಾಸ್ತ್ರ, ಮಾನವಶಾಸ್ತ್ರ ಎಲ್ಲ ಕ್ಲಾಸುಗಳಲ್ಲೂ ಕೂತರು. ವಿದ್ಯಾರ್ಥಿವೇತನದ ಅವಧಿ ಮುಗಿದು 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೇ ಬಿಟ್ಟು ಬರಬೇಕಾಯಿತು. ಕೊಲಂಬಿಯಾದ ಎಂ.ಎ. ಕೈಯಲ್ಲಿತ್ತು, ಬರೋಡಾದಲ್ಲಿ ತಲೆಯ ಮೇಲೊಂದು ಸೂರು ಸಿಗಲಿಲ್ಲ. ಉಳಿದುಕೊಂಡಿದ್ದ ಪಾರ್ಸಿ ವಸತಿಗೃಹದಿಂದ ಓಡಿಸಿದರು. 1920ರಲ್ಲಿ ಮತ್ತೆ ಹೋಗಿ, 1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಬರೆದು ಲಂಡನ್ನಿನಲ್ಲಿ ಡಿ.ಎಸ್ಸಿ. ಪಡೆದರು. ಕೆರೆಯ ನೀರು ಮುಟ್ಟುವ ಹಕ್ಕಿಲ್ಲದ ಜಾತಿಯವನು ಇಡೀ ದೇಶದ ನಾಣ್ಯವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ! ಅಸ್ಪೃಶ್ಯರು ಅಸ್ಪೃಶ್ಯತೆಯ ಬಗ್ಗೆ ಮಾತ್ರ ಓದಲಿ, ರೂಪಾಯಿ ನಮಗಿರಲಿ ಎನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೆ?

ಇನ್ನೊಬ್ಬರನ್ನು ನೆನೆಯೋಣ. ಮೇಘನಾದ ಸಾಹಾ. ಢಾಕಾ ಹತ್ತಿರದ ಹಳ್ಳಿಯ ಸಣ್ಣ ಅಂಗಡಿಯವನ ಮಗ, ಕೀಳೆನಿಸಿಕೊಂಡ ಜಾತಿ. 1911ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜು ಸೇರಿದಾಗ ಈಡನ್ ಹಿಂದೂ ಹಾಸ್ಟೆಲಿನ ಮೇಲ್ಜಾತಿ ಹುಡುಗರು ಅವರ ಜೊತೆ ಊಟಕ್ಕೆ ಕೂರಲಿಲ್ಲ. ಅದೇ ಸಾಹಾ 1920ರಲ್ಲಿ ಕೊಟ್ಟ ಸಮೀಕರಣದಿಂದ ನಕ್ಷತ್ರಗಳ ಬೆಳಕನ್ನು ಓದಿ ಅವುಗಳ ಶಾಖವನ್ನು ಅಳೆಯುವುದು ಸಾಧ್ಯವಾಯಿತು. ಪಂಕ್ತಿಯಲ್ಲಿ ಜಾಗ ಕೊಡದವರ ನೆತ್ತಿಯ ಮೇಲಿನ ಸೂರ್ಯನನ್ನು ಅವರು ಓದಿದರು. ನೂರು ವರ್ಷದ ಹತ್ತಿರ ಬಂದ ಮೇಲೂ, 2016ರ ಜನವರಿ 17ರಂದು, ಕಾರ್ಲ್ ಸೇಗನ್ನನಂತೆ ವಿಜ್ಞಾನ ಬರೆಯಬೇಕೆಂದು ಕನಸು ಕಂಡ ರೋಹಿತ್ ವೇಮುಲ ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಇಲ್ಲವಾದ. ತಿಂಗಳುಗಟ್ಟಲೆ ಅವನ ಫೆಲೋಶಿಪ್ ಹಣ ಬಂದಿರಲಿಲ್ಲ. ನಕ್ಷತ್ರ ನೋಡುವ ಕಣ್ಣು ನಮ್ಮವರಿಗೆ ಇಲ್ಲವೆಂದು ಯಾರೂ ಹೇಳಬೇಡಿ. ನೋಡಲು ತಲೆಯೆತ್ತಿದಾಗ ಕತ್ತಿನ ಮೇಲೆ ಯಾರ ಕೈಯಿತ್ತು ಎಂಬುದನ್ನು ಹೇಳಿ.

ಇಷ್ಟು ಹೇಳಿದ ಮೇಲೆ ಹಾಗಾದರೆ ಎಲ್ಲರೂ ವಿಜ್ಞಾನಕ್ಕೇ ಹೋಗಿ, ಕಲೆ ಕೆಟ್ಟದ್ದು ಎಂದು ನಾವು ಹೇಳುತ್ತಿದ್ದೇವೆಂದು ತಿಳಿಯಬೇಡಿ. ನೌಕರಿ ಹಿಡಿದ ನಮ್ಮವರೇ ಕೆಲವರು ಹಾಗೆ ಹೇಳುತ್ತಿದ್ದಾರೆ. ಪಟ್ಟಣದಲ್ಲಿ ಮನೆ ಕಟ್ಟಿಸಿದ ಅಣ್ಣಂದಿರು ಊರಿಗೆ ಬಂದಾಗ "ಬಿ.ಎ. ಓದಿ ಏನ್ ಮಾಡ್ತೀಯ, ದನ ಕಾಯ್ತೀಯ?" ಎಂದು ಹುಡುಗರನ್ನು ಹಂಗಿಸುತ್ತಾರೆ. ಇದು ಕೇರಿಯವನು ಅಗ್ರಹಾರಕ್ಕೆ ಮನೆ ಬದಲಿಸಿ ಕೇರಿಯನ್ನು ಬಯ್ಯುವ ಚಾಳಿ. ವಿಷಯಗಳ ವರ್ಣವ್ಯವಸ್ಥೆಯಲ್ಲಿ ನಮಗೆ ಒಂದು ಮೆಟ್ಟಿಲು ಮೇಲೆ ಜಾಗ ಬೇಡ. ಆ ಮೆಟ್ಟಿಲುಗಳೇ ಒಡೆಯಬೇಕು.

ಕಲೆ ಓದಿದವರು ಏನು ಮಾಡಿದರು ಎಂದು ಕೇಳುವವರು ಸ್ವಲ್ಪ ಹಿಂದಕ್ಕೆ ತಿರುಗಿ ನೋಡಲಿ. 1973ರ ನವೆಂಬರಿನಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ನಾಡಿಗೆ ನಾಡೇ ಹತ್ತಿ ಉರಿಯಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಮಂತ್ರಿ ಕುರ್ಚಿ ಬಿಡಬೇಕಾಯಿತು. ಆ ಏಟು ಕಂಡ ತಲೆಮಾರಿನವರು ಕನ್ನಡ ಸಾಹಿತ್ಯಕ್ಕೆ ಬೆನ್ನು ತಿರುಗಿಸಿ ಹೋಗಲಿಲ್ಲ. ಬಿ. ಕೃಷ್ಣಪ್ಪ ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದುಕೊಂಡೇ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಕನ್ನಡ ಎಂ.ಎ. ಓದಿದ ಸಿದ್ಧಲಿಂಗಯ್ಯ 1975ರಲ್ಲಿ 'ಹೊಲೆಮಾದಿಗರ ಹಾಡು' ತಂದರು. ಕನ್ನಡ ಎಂ.ಎ. ಓದಿದ ದೇವನೂರ ಮಹಾದೇವ 1984ರಲ್ಲಿ 'ಕುಸುಮಬಾಲೆ' ಕೊಟ್ಟರು. ಬೂಸಾ ಎಂದದ್ದಕ್ಕೆ ಬಡಿದರಲ್ಲ, ಅವರ ಕಣ್ಣೆದುರಿಗೇ ನಮ್ಮವರು ಕಾಳು ಬೆಳೆದು ತೋರಿಸಿದರು. ನಮ್ಮ ಜನರನ್ನು ಕಲೆಯ ಕಡೆಗೆ ತಳ್ಳಿದ್ದೂ ನಿಜ, ತಳ್ಳಿಸಿಕೊಂಡ ಜಾಗದಲ್ಲಿ ಅವರು ಹೊಲ ಮಾಡಿದ್ದೂ ನಿಜ.

ಆದರೆ ಹಿರಿಯರು ಮಾಡಿದ ಹೊಲಕ್ಕೇ ಎಲ್ಲ ಮಕ್ಕಳನ್ನೂ ದುಡಿಯಲು ಹಚ್ಚಬಾರದು. ಹಾಸ್ಟೆಲಿನಲ್ಲಿ ಒಬ್ಬ ಹುಡುಗ ನಾಲ್ಕು ಸಾಲು ಪದ್ಯ ಬರೆದರೆ ಸಾಕು, "ಐಚ್ಛಿಕ ಕನ್ನಡ ತಗೊ" ಎಂದು ನಮ್ಮ ಸಂಗಾತಿಗಳೇ ತೀರ್ಮಾನ ಕೊಟ್ಟುಬಿಡುತ್ತಾರೆ. ಚಳವಳಿಗೆ ಕವಿ ಬೇಕು, ವಕೀಲ ಬೇಕು, ಸರಿ. ಕೇರಿಯ ಬೋರ್‌ವೆಲ್ಲಿನ ನೀರಿನಲ್ಲಿ ಯಾವ ವಿಷವಿದೆಯೆಂದು ಪರೀಕ್ಷಿಸುವವರು ಬೇಡವೆ? ಬಜೆಟ್ಟಿನಲ್ಲಿ ನಮ್ಮ ಪಾಲಿನ ಹಣ ಎಲ್ಲಿಗೆ ಹರಿಯಿತೆಂದು ಅಂಕಿ ಹಿಡಿದು ಹೇಳುವವರು ಬೇಡವೆ? ಇವೆಲ್ಲ ಉಪಯೋಗದ ಮಾತಾಯಿತು. ಯಾವ ಉಪಯೋಗಕ್ಕೂ ಬಾರದ ಶುದ್ಧ ಗಣಿತವನ್ನು ಬರೀ ಸಂತೋಷಕ್ಕಾಗಿ ಓದುವ ಮಾದಿಗರ ಹುಡುಗಿಯೂ ನಮಗೆ ಬೇಕು. ನಮ್ಮ ಮಕ್ಕಳು ಓದುವುದಕ್ಕೆಲ್ಲ ಒಂದು ಕಾರಣ ಕೊಡಬೇಕು, ಮೇಲಿನವರ ಮಕ್ಕಳು ಇಷ್ಟವೆಂದರೆ ಸಾಕು, ಇದು ಯಾವ ನ್ಯಾಯ?

ಸರ್ಕಾರಗಳು ಆಯ್ಕೆಯ ಹೆಸರಿನಲ್ಲಿ ಆಡಿದ ಆಟವನ್ನೂ ಹೇಳಬೇಕು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು. ನಾಲ್ಕು ವರ್ಷದ ಪದವಿ, ಬೇಕಾದ ವಿಷಯ ಬೇಕಾದ ಜೊತೆಗೆ, ಮುಕ್ತ ಆಯ್ಕೆ ಎಂದರು. 2024ರಲ್ಲಿ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷ ಎಂದರು. ನಡುವೆ ಸಿಕ್ಕವರು ಹಳ್ಳಿಯ ಮಕ್ಕಳು. ಕಾಯಂ ಉಪನ್ಯಾಸಕರಿಲ್ಲದೆ ಅತಿಥಿಗಳ ಹೆಗಲ ಮೇಲೆ ನಡೆಯುವ ಸರ್ಕಾರಿ ಕಾಲೇಜಿನಲ್ಲಿ ಮುಕ್ತ ಆಯ್ಕೆ ಎಂದರೆ ಅವತ್ತು ಕಾಲೇಜಿಗೆ ಬಂದಿದ್ದ ಮೇಷ್ಟ್ರು ಯಾವ ವಿಷಯದವರೋ ಅದೇ ವಿಷಯ. ಊಟದ ಪಟ್ಟಿಯಲ್ಲಿ ಹತ್ತು ತಿಂಡಿ ಬರೆದು ಅಡುಗೆಮನೆಯಲ್ಲಿ ಉಪ್ಪಿಟ್ಟು ಮಾತ್ರ ಮಾಡಿದ ಹೋಟೆಲಿನ ಕತೆ ಇದು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಿಂದ ಇದೆ. ಎಂಬತ್ತು ವರ್ಷವಾದರೂ ಅದು ಜೂನ್ ತಿಂಗಳ ಫೀಜಿಗೆ ಜೂನ್ ತಿಂಗಳಲ್ಲಿ ಬರುವುದನ್ನು ಕಲಿತಿಲ್ಲ. ಜಾತಿ ಪ್ರಮಾಣಪತ್ರದ ಆರ್.ಡಿ. ನಂಬರು, ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆ, ಸರ್ವರ್ ಇಲ್ಲ ನಾಳೆ ಬಾ. ಜಾತಿಯಿಂದ ನಮ್ಮನ್ನು ಗುರುತಿಸಲು ಈ ಸಮಾಜಕ್ಕೆ ಯಾವ ಸರ್ವರೂ ಬೇಕಾಗಿಲ್ಲ. ಸಲ್ಲಬೇಕಾದ್ದು ಕೊಡುವಾಗ ಮಾತ್ರ ಅದಕ್ಕೆ ಗುರುತೇ ಸಿಗುವುದಿಲ್ಲ.

ಇನ್ನು ಪ್ರತಿಭೆಯ ಮಾತೆತ್ತುವವರಿಗೆ. 1951ರಲ್ಲಿ ಸುಪ್ರೀಂ ಕೋರ್ಟು ಮದ್ರಾಸಿನ ಮೀಸಲಾತಿ ಆದೇಶವನ್ನು ಹೊಡೆದುಹಾಕಿದ ಮೊಕದ್ದಮೆಯಲ್ಲಿ, ವೈದ್ಯಕೀಯ ಸೀಟಿಗೆ ಅನ್ಯಾಯವಾಯಿತೆಂದು ಬಂದ ಚಂಪಕಂ ದೊರೈರಾಜನ್ ಆ ಸೀಟಿಗೆ ಅರ್ಜಿಯನ್ನೇ ಹಾಕಿರಲಿಲ್ಲ. ಅರ್ಜಿ ಹಾಕದವರ ಇಚ್ಛೆಗೂ ನ್ಯಾಯಾಲಯದಲ್ಲಿ ಅಷ್ಟು ಬೆಲೆ ಇತ್ತು. ಅದಕ್ಕೆ ಉತ್ತರವಾಗಿ ಸಂವಿಧಾನಕ್ಕೇ ತಿದ್ದುಪಡಿ ತಂದು 15(4)ನೇ ವಿಧಿ ಸೇರಿಸಬೇಕಾಯಿತು. 1962ರಲ್ಲಿ ಬಾಲಾಜಿ ಮೊಕದ್ದಮೆಯಲ್ಲಿ ನಮ್ಮದೇ ಮೈಸೂರು ರಾಜ್ಯದ ಶೇಕಡಾ 68ರ ಮೀಸಲಾತಿ ಬಿದ್ದುಹೋಯಿತು. ಸೀಟುಗಳ ಲೆಕ್ಕ ಹೀಗೆ ಎಪ್ಪತ್ತು ವರ್ಷಗಳಿಂದ ಕೋರ್ಟುಗಳಲ್ಲಿ ನಡೆಯುತ್ತಲೇ ಇದೆ. ಸೀಟಿನ ತನಕ ಬರುವ ಮೊದಲೇ ಬಸ್ಸಿನಲ್ಲಿ, ಭಾಷೆಯಲ್ಲಿ, ಕೂಲಿಯಲ್ಲಿ ಬಿದ್ದುಹೋದ ನಮ್ಮ ಮಕ್ಕಳ ಇಚ್ಛೆಯನ್ನು ಯಾವ ಕೋರ್ಟಿನಲ್ಲಿ ಎಣಿಸುತ್ತೀರಿ?

ನಮಗೆ ಅನುಮಾನಗಳಿಲ್ಲವೆಂದಲ್ಲ. ಈ ಓದು ನಮ್ಮನ್ನು ಎಲ್ಲಿಗೆ ಒಯ್ಯುತ್ತದೆ? ಪದವಿ ಹಿಡಿದು ಮತ್ತೆ ಅದೇ ಗಾರೆ ಕೆಲಸಕ್ಕೆ ನಿಂತವರನ್ನು ನಾವು ದಿನಾ ನೋಡುತ್ತೇವೆ. ಓದಿ ದೊಡ್ಡವರಾಗಿ ಕೇರಿಯ ದಾರಿ ಮರೆತವರನ್ನೂ ನೋಡುತ್ತೇವೆ. ಇಂಗ್ಲಿಷು ಕಲಿತ ನಾಲಿಗೆ ಅವ್ವನ ಜೊತೆ ಏನು ಮಾತಾಡುತ್ತದೆ? ಈ ಪ್ರಶ್ನೆಗಳನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಓದು ಬಿಟ್ಟರೆ ಇವು ಬಗೆಹರಿಯುತ್ತವೆಯೆ? ಕೇರಿ ಮರೆಯುವ ರೋಗಕ್ಕೆ ವಿಷಯದ ಹಂಗಿಲ್ಲ. ಕನ್ನಡ ಓದಿ ಮರೆತವರಿದ್ದಾರೆ, ಎಂಜಿನಿಯರಾಗಿ ನೆನಪಿಟ್ಟವರಿದ್ದಾರೆ. ನಮ್ಮ ಕೈಲಾಗುತ್ತದೆಯೆ ಎಂಬ ಅನುಮಾನಕ್ಕಂತೂ 1855ರಲ್ಲೇ ಉತ್ತರ ಸಿಕ್ಕಿದೆ. ಫುಲೆ ದಂಪತಿಯ ಶಾಲೆಯಲ್ಲಿ ಕಲಿತ ಮುಕ್ತಾ ಎಂಬ ಮಾಂಗ್ ಹುಡುಗಿ, ಹದಿನಾಲ್ಕರ ಪ್ರಾಯದಲ್ಲಿ, ಮಹಾರ್ ಮಾಂಗ್ ಜನರ ದುಃಖದ ಮೇಲೆ ಪ್ರಬಂಧ ಬರೆದು ಅಚ್ಚು ಹಾಕಿಸಿದಳು. ಮುಂದೆ 1882ರಲ್ಲಿ ಹಂಟರ್ ಆಯೋಗದೆದುರು ಜೋತಿಬಾ ಫುಲೆ ಕೇಳಿದ್ದೂ ಇದನ್ನೇ: ದುಡಿಯುವವರ ತೆರಿಗೆಯಲ್ಲಿ ಮೇಲಿನವರ ಮಕ್ಕಳಿಗೆ ಉನ್ನತ ಶಿಕ್ಷಣ ಕೊಡುತ್ತೀರಲ್ಲ, ದುಡಿಯುವವರ ಮಕ್ಕಳಿಗೆ ಏನು ಕೊಟ್ಟಿರಿ?

ಆದ್ದರಿಂದ ನಾವು ಒತ್ತಾಯಿಸುತ್ತೇವೆ. ಹೋಬಳಿಗೊಂದು ಸರ್ಕಾರಿ ಪಿ.ಯು. ಕಾಲೇಜಿನಲ್ಲಾದರೂ ಲ್ಯಾಬಿರುವ, ಕಾಯಂ ಉಪನ್ಯಾಸಕರಿರುವ ವಿಜ್ಞಾನ ವಿಭಾಗವಿರಲಿ. ಪ್ರಾಕ್ಟಿಕಲ್ ಮುಗಿದ ಮೇಲೆ ಹೊರಡುವ ಬಸ್ಸಿರಲಿ. ಕನ್ನಡದಲ್ಲಿ ಓದಿ ಬಂದವರಿಗೆ ಮೊದಲ ಆರು ತಿಂಗಳು ಎರಡೂ ಭಾಷೆಯಲ್ಲಿ ಪಾಠ, ಎರಡೂ ಭಾಷೆಯ ಪುಸ್ತಕವಿರಲಿ. ವಿದ್ಯಾರ್ಥಿವೇತನ ಫೀಜಿನ ದಿನಕ್ಕೆ ಮುಂಚೆ ಬರಲಿ. ಹದಿನಾರನೇ ವಯಸ್ಸಿಗೆ ಮುಚ್ಚಿದ ಬಾಗಿಲನ್ನು ಹದಿನೆಂಟಕ್ಕೆ ತಟ್ಟುವ ಹಕ್ಕಿರಲಿ. ಕಲೆ ಓದಿದವನು ಒಂದು ವರ್ಷ ಹೆಚ್ಚು ಓದಿ ವಿಜ್ಞಾನಕ್ಕೆ ಹೋಗುವಂತಿರಲಿ.

ಸರ್ಕಾರ ಕೊಡುವ ತನಕ ಕಾಯುತ್ತ ಕೂರುವುದೂ ಬೇಡ. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮಲ್ಲಿ ಕೇಳಿಕೊಳ್ಳುತ್ತೇವೆ. ಹತ್ತನೇ ಕ್ಲಾಸು ಮುಗಿಯುವ ಮೊದಲೇ ನಮ್ಮ ಮಕ್ಕಳನ್ನು ಕೂರಿಸಿಕೊಂಡು ಯಾವ ವಿಷಯ ಯಾವ ದಾರಿಗೆ ಹೋಗುತ್ತದೆ, ಯಾವುದನ್ನು ಬಿಟ್ಟರೆ ಯಾವುದು ಶಾಶ್ವತವಾಗಿ ಮುಚ್ಚುತ್ತದೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿ. "ನಿನ್ ಕೈಲಾಗಲ್ಲ" ಎಂಬ ಮಾತನ್ನು ನಿಮ್ಮ ಬಾಯಿಂದ ತೆಗೆದುಹಾಕಿ. ಕಾಲೇಜಿನಲ್ಲಿರುವ ಸಂಗಾತಿಗಳೇ, ಈ ಜೂನ್‌ನಲ್ಲಿ ಭಾಷಣಕ್ಕೆ ಬರುವ ಮುಂಚೆ ನಿಮ್ಮ ನಿಮ್ಮ ಕೇರಿಗೆ ಹೋಗಿ. ಒಬ್ಬೊಬ್ಬರೂ ಒಂದು ಮಗುವಿನ ಜೊತೆ ಅಡ್ಮಿಷನ್ನಿನ ಸಾಲಿನಲ್ಲಿ ನಿಲ್ಲಿ. ನಿಮ್ಮ ಹಳೆಯ ಪುಸ್ತಕ, ನೋಟ್ಸು ಅದರ ಕೈಗೆ ಕೊಡಿ. ಯಾವುದು ಒಳ್ಳೆಯ ವಿಷಯ ಎಂದು ಹೇಳಲು ಹೋಗಬೇಡಿ. ನಿನಗೆ ಏನು ಓದಬೇಕು ಅನ್ನಿಸುತ್ತದೆ ಎಂದು ಕೇಳಿ. ಅದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಕಾಯಿರಿ. ಆ ಪ್ರಶ್ನೆಯನ್ನು ಅದರ ಅಪ್ಪನನ್ನೂ ಕೇಳಿಲ್ಲ, ತಾತನನ್ನೂ ಕೇಳಿಲ್ಲ. ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ.